ಮಡಕೆ, ಬಾಟಲಿ, ಡ್ರಿಪ್ ಕಿಟ್: ದಿನಕ್ಕೆ ಒಂದೇ ಬಕೆಟ್ ನೀರಲ್ಲಿ ಟೆರೇಸ್ ತೋಟ

2024ರ ಮಾರ್ಚ್ ಶುರುವಿನಲ್ಲಿ ನಮ್ಮ ಬೋರ್‌ವೆಲ್ ಕೈಕೊಟ್ಟಿತು. ಮೋಟರ್ ಹಾಕಿದರೆ ಮೊದಲು ಬುಸ್ ಅಂತ ಗಾಳಿ, ಆಮೇಲೆ ಒಂದಿಷ್ಟು ಕೆಂಪು ನೀರು. ಎರಡು ದಿನ ಕಳೆದ ಮೇಲೆ ಅದೂ ಇಲ್ಲ. ನಾವಿರುವುದು ಬೆಂಗಳೂರಿನ ಹೊರಮಾವು ಕಡೆ. ಕಾವೇರಿ ನೀರು ತರುವ ಯೋಜನೆಯ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದೇ ಆ ವರ್ಷದ ಅಕ್ಟೋಬರ್‌ನಲ್ಲಿ. ಹಾಗಾಗಿ ಆ ಬೇಸಿಗೆಗೆ ಟ್ಯಾಂಕರ್ ಒಂದೇ ಗತಿ. 12,000 ಲೀಟರ್ ಟ್ಯಾಂಕರ್‌ಗೆ 5 ಕಿಲೋಮೀಟರ್ ಒಳಗಾದರೆ 1,000 ರೂಪಾಯಿ ಅಂತ ಜಿಲ್ಲಾಡಳಿತ ದರವೇನೋ ಕಟ್ಟಿತ್ತು. ಫೋನ್ ಮಾಡಿದರೆ ಮಾತ್ರ "ನಾಡಿದ್ದು ನೋಡೋಣ ಸಾರ್" ಅನ್ನೋ ಒಂದೇ ಉತ್ತರ.

ಅದೇ ಹೊತ್ತಿಗೆ ಜಲಮಂಡಳಿ ಆದೇಶವೂ ಬಂತು. ಕುಡಿಯುವ ನೀರನ್ನು ಗಿಡಕ್ಕೆ ಹಾಕುವಂತಿಲ್ಲ, ಕಾರು ತೊಳೆಯುವಂತಿಲ್ಲ. ಸಿಕ್ಕಿಬಿದ್ದರೆ 5,000 ರೂಪಾಯಿ ದಂಡ. ಮತ್ತೆ ಮಾಡಿದರೆ ಇನ್ನೊಂದು 5,000, ಜೊತೆಗೆ ದಿನಕ್ಕೆ 500.

ಟೆರೇಸ್ ಮೇಲೆ 42 ಗಿಡಗಳಿದ್ದವು. ಟೊಮೆಟೊ, ಬದನೆ, ಹುರುಳಿಕಾಯಿ, ಪಾಲಕ್, ದಂಟು, ಕರಿಬೇವು, ಒಂದು ನಿಂಬೆ, ಅಮ್ಮನ ಮಲ್ಲಿಗೆ. ಅಲ್ಲಿಯವರೆಗೆ ಸಂಜೆ ಪೈಪ್ ಹಿಡಿದು ನಿಂತರೆ ನೀರಿನ ಲೆಕ್ಕ ಯಾರಿಡುತ್ತಿದ್ದರು? ಈಗ ದಿನಕ್ಕೆ ಒಂದೇ ಬಕೆಟ್ ಅಂತ ತೀರ್ಮಾನವಾಯಿತು. 15 ಲೀಟರ್, ಅದೂ ಬಳಸಿ ಉಳಿದ ನೀರು. "ಮಲ್ಲಿಗೆ ಒಣಗಿದರೆ ನನ್ನ ಹತ್ರ ಮಾತಾಡಬೇಡ ಕಣೋ" ಅಂದರು ಅಮ್ಮ. ಹಾಗಾಗಿ ಇದ್ದ ಉಪಾಯಗಳನ್ನೆಲ್ಲ ಒಂದಕ್ಕೊಂದು ಎದುರು ನಿಲ್ಲಿಸಿ ನೋಡಿದೆ.

ಪರೀಕ್ಷೆಗೆ ಕೂತದ್ದು ಟೊಮೆಟೊ. ಒಂದೇ ದಿನ ನೆಟ್ಟ ಹನ್ನೆರಡು ಗಿಡ, ಎಲ್ಲವೂ 15 ಇಂಚಿನ ಗ್ರೋ ಬ್ಯಾಗ್‌ನಲ್ಲಿ. ಮೂರಕ್ಕೆ ಮಡಕೆ, ಮೂರಕ್ಕೆ ಬಾಟಲಿ, ಮೂರಕ್ಕೆ ಡ್ರಿಪ್. ಉಳಿದ ಮೂರಕ್ಕೆ ದಿನಾ ಚೆಂಬಿನಲ್ಲಿ ಅರ್ಧ ಲೀಟರ್.

ಬಾಟಲಿ ಉಪಾಯ ಎಲ್ಲರಿಗೂ ಗೊತ್ತು. ಮುಚ್ಚಳಕ್ಕೆ ತೂತು ಮಾಡಿ, ತಲೆಕೆಳಗಾಗಿ ಮಣ್ಣಿಗೆ ಚುಚ್ಚುವುದು. ಖರ್ಚು ಸೊನ್ನೆ. ತಲೆನೋವು ತೂತಿನದ್ದು. ಸೂಜಿ ಕಾಯಿಸಿ ಮಾಡಿದ ತೂತಿಗೆ ಎರಡೇ ದಿನದಲ್ಲಿ ಮಣ್ಣು ಕೂತಿತು. ಮೊಳೆಯಲ್ಲಿ ಮಾಡಿದ ತೂತಲ್ಲಿ ಒಂದು ಲೀಟರ್ ನೀರು ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಖಾಲಿ. ತೂತಿಗೆ ಹತ್ತಿ ಬಟ್ಟೆಯ ಬತ್ತಿ ತುರುಕಿದ ಮೇಲೆ ಸ್ವಲ್ಪ ಸುಧಾರಿಸಿತು. ಆದರೆ ಒಂದು ಬಾಟಲಿ ಐದು ಗಂಟೆ ಬಂದರೆ ಇನ್ನೊಂದು ಒಂದೂವರೆ ದಿನ ಬರುತ್ತಿತ್ತು. ಊರಿಗೆ ಹೋಗುವಾಗ ಎರಡು ದಿನದ ಮಟ್ಟಿಗೆ ಸರಿ. ಇಡೀ ಬೇಸಿಗೆ ಇದನ್ನೇ ನಂಬುವ ಹಾಗಿಲ್ಲ.

ಡ್ರಿಪ್ ಕಿಟ್ ಮೇಲೆ ನನಗೆ ಜಾಸ್ತಿ ನಂಬಿಕೆ ಇತ್ತು, ಆನ್‌ಲೈನಲ್ಲಿ 1,400 ಚಿಲ್ಲರೆ ಕೊಟ್ಟಿದ್ದೆನಲ್ಲ. ಮೈಸೂರಿನಲ್ಲಿ ಅಕ್ಕನ ಮನೆಯಲ್ಲಿ ಇಂಥದ್ದೇ ಕಿಟ್ ಮೂರು ವರ್ಷದಿಂದ ಗಡಿಯಾರದ ಹಾಗೆ ನಡೆಯುತ್ತಿದೆ. ನಮ್ಮಲ್ಲಿ ಮಾತ್ರ ಮೊದಲನೇ ದಿನವೇ ಮುನಿಸು. ಡ್ರಮ್ ಅನ್ನು ಮೂರಡಿ ಸ್ಟ್ಯಾಂಡ್ ಮೇಲಿಟ್ಟು ಪೈಪ್ ಎಳೆದೆ. ಗಿಡದ ಬುಡಕ್ಕೆ ನೀರು ಹನಿಸುವ ಡ್ರಿಪ್ಪರ್ ಮೇಲೆ ಗಂಟೆಗೆ 4 ಲೀಟರ್ ಅಂತ ಬರೆದಿದೆ. ಮೊದಲನೇ ಗಿಡದ ಬುಡದಲ್ಲಿ ಲೋಟ ಹಿಡಿದು ಒಂದು ಗಂಟೆ ಕಾದರೆ ಒಂದೂವರೆ ಲೀಟರ್ ಕೂಡ ಬರಲಿಲ್ಲ. ಮೂರನೇ ಗಿಡದಲ್ಲಿ ತಳ ಒದ್ದೆ, ಅಷ್ಟೇ.

ತಪ್ಪು ಕಿಟ್‌ದಲ್ಲ, ಎತ್ತರದ್ದು. ನೀರು ಹತ್ತು ಮೀಟರ್ ಎತ್ತರದಿಂದ ಇಳಿದರೆ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ. ಅಕ್ಕನ ತೋಟ ನೆಲದಲ್ಲಿದೆ, ಟ್ಯಾಂಕ್ ಎರಡು ಮಹಡಿ ಮೇಲಿದೆ. ನನ್ನ ತೋಟ ಇರುವುದೇ ಮಹಡಿ ಮೇಲೆ, ಡ್ರಮ್ ಅದಕ್ಕಿಂತ ಒಂದು ಮೀಟರ್ ಎತ್ತರ. ಅಂದರೆ ಒಂದು ಬಾರ್‌ನ ಹತ್ತರಲ್ಲಿ ಒಂದು ಪಾಲು ಒತ್ತಡ! ಸಾಲದ್ದಕ್ಕೆ ಬಳಸಿದ ನೀರಿನಲ್ಲಿ ಸೋಸಿದರೂ ಏನಾದರೊಂದು ಇರುತ್ತದೆ. ಬೇಳೆ ತೊಳೆದ ನೀರಿನ ಲೋಳೆ ಒಂದೇ ವಾರದಲ್ಲಿ ಡ್ರಿಪ್ಪರ್ ಕಟ್ಟಿಹಾಕಿತು. ದಿನಾ ಪಿನ್ ಹಿಡಿದು ಕೂರುವುದಾದರೆ ಚೆಂಬಿನಲ್ಲೇ ಹಾಕಬಹುದಿತ್ತು, ಅಲ್ವಾ?

ಇನ್ನು ಮಡಕೆ. ಪಾಟರಿ ಟೌನ್‌ಗೆ ಹೋಗಿ ಒಂದೂವರೆ ಲೀಟರ್ ಹಿಡಿಯುವ ಕುಡಿಕೆಗಳನ್ನು ತಂದೆ, ಒಂದಕ್ಕೆ 70 ರೂಪಾಯಿ. ಕುತ್ತಿಗೆವರೆಗೆ ಮಣ್ಣಲ್ಲಿ ಹೂತು, ನೀರು ತುಂಬಿ, ಬಾಯಿಗೆ ಸಾಸರ್ ಮುಚ್ಚಿದೆ. ಸೊಳ್ಳೆ ಮೊಟ್ಟೆ ಇಡಬಾರದಲ್ಲ, ಅದಕ್ಕೆ. ಇದರಲ್ಲಿ ಯಂತ್ರ ತಂತ್ರ ಏನೂ ಇಲ್ಲ. ಸುತ್ತ ಮಣ್ಣು ಒಣಗಿದಾಗ ಮಡಕೆಯ ಗೋಡೆಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಮಣ್ಣು ಹಸಿಯಾಗಿದ್ದರೆ ಜಿನುಗುವುದೂ ಕಮ್ಮಿಯಾಗುತ್ತದೆ. ಮೇಲ್ಮಣ್ಣು ಒಣಗಿಯೇ ಇರುವುದರಿಂದ ಬಿಸಿಲಿಗೆ ಆವಿಯಾಗಿ ಹೋಗುವುದು ತೀರಾ ಕಮ್ಮಿ.

ಮೂರರಲ್ಲಿ ಒಂದು ಮಡಕೆ ಮೋಸ ಮಾಡಿತು. ನಾಲ್ಕು ದಿನವಾದರೂ ನೀರು ಹಾಗೇ ಇತ್ತು, ಗಿಡ ಮಾತ್ರ ಜೋತು ಬಿದ್ದಿತ್ತು. ಕಿತ್ತು ನೋಡಿದರೆ ಅದಕ್ಕೆ ಹೊಳಪಿನ ಕೆಂಪು ಬಣ್ಣ ಬಳಿದಿದ್ದರು. ಬಣ್ಣ ಬಳಿದರೆ ಮಣ್ಣಿನ ತೂತುಗಳೆಲ್ಲ ಮುಚ್ಚಿಹೋಗುತ್ತವೆ. ಅವತ್ತಿಂದ ಹೂಳುವ ಮುಂಚೆ ಮಡಕೆಗೆ ನೀರು ತುಂಬಿ ಒಂದು ಗಂಟೆ ಬಿಡುತ್ತೇನೆ. ಹೊರಮೈ ಮುಟ್ಟಿದರೆ ತಣ್ಣಗೆ, ಒದ್ದೆ ಒದ್ದೆ ಅನ್ನಿಸಬೇಕು. ಇಲ್ಲದಿದ್ದರೆ ಅದು ಉಪ್ಪಿನಕಾಯಿಗೇ ಸರಿ.

ಏಪ್ರಿಲ್‌ನಲ್ಲಿ ಮಳೆಯ ಸುಳಿವೇ ಇಲ್ಲ, ಬಿಸಿಲು 38 ಡಿಗ್ರಿ ದಾಟಿತು. ಆ ವಾರವೇ ನಿಜವಾದ ಪರೀಕ್ಷೆ. ಚೆಂಬಿನ ಗಿಡಗಳು ಮಧ್ಯಾಹ್ನ ಹನ್ನೆರಡಕ್ಕೆಲ್ಲ ತಲೆ ಬಗ್ಗಿಸುತ್ತಿದ್ದವು, ಒಂದು ಮತ್ತೆ ಏಳಲೇ ಇಲ್ಲ. ಬಾಟಲಿಯವುಗಳಲ್ಲಿ ಒಂದು ಹೋಯಿತು. ಡ್ರಿಪ್‌ನಲ್ಲಿ ಎರಡು ಹೋದವು. ಮಡಕೆಯ ಮೂರೂ ಉಳಿದವು. ಮೂರು ದಿನಕ್ಕೊಮ್ಮೆ ಒಂದೂವರೆ ಲೀಟರ್, ಅಂದರೆ ದಿನಕ್ಕೆ ಅದೇ ಅರ್ಧ ಲೀಟರ್. ಚೆಂಬಿಗೂ ಅಷ್ಟೇ ನೀರು ಖರ್ಚಾಗುತ್ತಿತ್ತು ಅನ್ನೋದನ್ನು ಗಮನಿಸಿ. ಹಣ್ಣು ಬಿಟ್ಟಿದ್ದೂ ಮಡಕೆ ಗಿಡಗಳೇ. ಭಾರೀ ಏನಲ್ಲ, ಎರಡು ದಿನದ ಸಾರಿಗೆ ಆಗುವಷ್ಟು.

ಆದರೆ ಮಡಕೆ ಎಲ್ಲದಕ್ಕೂ ಆಗುವುದಿಲ್ಲ. ದಂಟಿನ ಬೀಜ ಚೆಲ್ಲಿದ ಟ್ರೇಯಲ್ಲಿ ಮಡಕೆ ಪಕ್ಕದ ಸಸಿ ಮಾತ್ರ ಎದ್ದವು, ಆಚೆಯವು ಮೇಲ್ಮಣ್ಣಿನಲ್ಲೇ ಒಣಗಿದವು. ಸಣ್ಣ ಕುಂಡದಲ್ಲಿ ಮಡಕೆ ಇಟ್ಟರೆ ಬೇರಿಗೇ ಜಾಗ ಇಲ್ಲ. ಗಡಸು ನೀರು ಹಾಕಿದರೆ ಒಂದೂವರೆ ತಿಂಗಳಲ್ಲಿ ಬಿಳಿ ಪದರ ಕಟ್ಟಿ ಜಿನುಗುವುದು ನಿಧಾನವಾಗುತ್ತದೆ. ಆಗ ಕಿತ್ತು, ನಿಂಬೆ ಸಿಪ್ಪೆ ಹಾಕಿ ತೆಂಗಿನ ನಾರಿನಿಂದ ಉಜ್ಜಬೇಕು.

ಮಣ್ಣಿನ ಮೇಲೆ ಹರಡುವ ಹೊದಿಕೆ ವಿಷಯ ಬೇರೆಯೇ. ಅದು ಇವುಗಳಿಗೆ ಎದುರಾಳಿ ಅಲ್ಲ, ಜೊತೆಗಾರ. ಬೀದಿ ಮರದ ಒಣ ಎಲೆ ನಾಲ್ಕು ಇಂಚು ದಪ್ಪ ಹಾಕಿದ ಬದನೆಗೆ ಎರಡು ದಿನಕ್ಕೊಮ್ಮೆ ನೀರು ಸಾಕಾಯಿತು. ಬೋಳು ಮಣ್ಣಿನ ಬದನೆಗೆ ದಿನಾ ಬೇಕಿತ್ತು. ನನ್ನ ದಡ್ಡತನ ಅಂದರೆ, ಪುಕ್ಕಟೆ ಸಿಗುತ್ತದೆ ಅಂತ ಜ್ಯೂಸ್ ಅಂಗಡಿಯಿಂದ ಒಂದು ಚೀಲ ಕಬ್ಬಿನ ಸಿಪ್ಪೆ ತಂದು ಹಾಗೇ ಹರಡಿದ್ದು. ಮಾರನೇ ದಿನ ಬೆಳಿಗ್ಗೆ ಟೆರೇಸ್ ತುಂಬ ಇರುವೆ. ಇರುವೆ ಹಿಂದೆಯೇ ದಾಸವಾಳಕ್ಕೆ ಹಿಟ್ಟು ತಿಗಣೆ. ಸಿಪ್ಪೆಯನ್ನು ಚೆನ್ನಾಗಿ ತೊಳೆದು ಒಣಗಿಸಿ ಹಾಕಬೇಕಿತ್ತು. ತೊಳೆಯೋಕೆ ನೀರೆಲ್ಲಿ?

ಆ ಒಂದು ಬಕೆಟ್ ಎಲ್ಲಿಂದ ಬಂತು ಅನ್ನೋದರಲ್ಲೂ ಮೇಲು ಕೀಳಿದೆ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ಎಲ್ಲಕ್ಕಿಂತ ಒಳ್ಳೆಯದು. ದಿನಕ್ಕೆ ಆರೇಳು ಲೀಟರ್ ಸಿಗುತ್ತಿತ್ತು. ಉಪ್ಪು ಬಿದ್ದಿರಬಾರದು, ಅದೇ ದಿನ ಹಾಕಬೇಕು. ಇಲ್ಲದಿದ್ದರೆ ನಾರುತ್ತದೆ.

ಆರ್‌ಒ ಯಂತ್ರ ಹೊರಗೆ ಬಿಡುವ ನೀರು ಧಾರಾಳ, ಆದರೆ ಅದು ಉಪ್ಪು ನೀರು ಅನ್ನೋದು ನೆನಪಿರಲಿ. ಒಳ್ಳೆಯ ನೀರಿನಿಂದ ತೆಗೆದ ಲವಣವೆಲ್ಲ ಅದರಲ್ಲೇ ಇರುತ್ತದೆ. ನಮ್ಮ ಮನೆಯಲ್ಲಿ, ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದಾಗ 1,350 ತೋರಿಸಿತು. ಪಾಲಕ್ ಏನೂ ಅಂದುಕೊಳ್ಳಲಿಲ್ಲ. ಹುರುಳಿಕಾಯಿ ಎಲೆಯ ಅಂಚು ಹತ್ತೇ ದಿನದಲ್ಲಿ ಸುಟ್ಟ ದೋಸೆಯ ಅಂಚಿನ ಹಾಗಾಯಿತು. ನಿಂಬೆಗೂ ಅದೇ ಪಾಡು. ಆಮೇಲೆ ಅದನ್ನು ನೆಲ ಒರೆಸಲು ಇಟ್ಟು, ಪಾಲಕ್‌ಗೆ ಮಾತ್ರ ಹಾಕಿದೆ.

ವಾಷಿಂಗ್ ಮೆಷಿನ್‌ನ ಮೊದಲ ನೀರು ಬೇಡವೇ ಬೇಡ. ಕೊನೆಯ ಸಲ ಜಾಲಿಸಿದ ನೀರನ್ನು ಮಲ್ಲಿಗೆ, ಕರಿಬೇವು, ದಾಸವಾಳಕ್ಕೆ ವಾರಕ್ಕೆ ಎರಡು ಸಲ ಹಾಕಿದೆ, ತೊಂದರೆ ಕಾಣಲಿಲ್ಲ. ಸೊಪ್ಪಿಗೆ, ತರಕಾರಿಗೆ ಹಾಕಲಿಲ್ಲ, ಮನಸ್ಸು ಒಪ್ಪಲಿಲ್ಲ.

ಮೇ ಮೊದಲ ವಾರ ಮಳೆ ಬಂತು. ಅಷ್ಟರಲ್ಲಿ 42 ಗಿಡಗಳಲ್ಲಿ 29 ಉಳಿದಿದ್ದವು. ಮಲ್ಲಿಗೆ ಉಳಿಯಿತು, ಮೊಗ್ಗು ಮಾತ್ರ ಹೆಸರಿಗಷ್ಟೇ. ಮಳೆಯ ಲೆಕ್ಕ ಹಾಕಿ ಹೊಟ್ಟೆ ಉರಿದುಕೊಂಡೆ. 30x40 ಸೈಟಿನ ಪೂರ್ತಿ ಅಳತೆಯ ಮಹಡಿ ಅಂದರೆ ಸುಮಾರು 111 ಚದರ ಮೀಟರ್. ಬರೀ 10 ಮಿಲಿಮೀಟರ್ ಮಳೆ ಬಿದ್ದರೂ 1,100 ಲೀಟರ್ ನೀರು. ನಮ್ಮ ಒಂದು ಬಕೆಟ್ ಲೆಕ್ಕದಲ್ಲಿ ಎರಡು ತಿಂಗಳಿಗೂ ಮೀರಿ ಬರುತ್ತಿತ್ತು. ಅಷ್ಟೂ ಪೈಪ್ ಹಿಡಿದು ಚರಂಡಿಗೆ ಇಳಿಯಿತು. ಈಗ ಪೈಪ್ ಕೆಳಗೆ 500 ಲೀಟರಿನ ಎರಡು ಡ್ರಮ್ ಕೂತಿವೆ.

ಈಗ ದೊಡ್ಡ ಬ್ಯಾಗ್‌ಗಳಿಗೆಲ್ಲ ಮಡಕೆ, ಮೇಲೆ ಒಣ ಎಲೆ. ಸೊಪ್ಪಿಗೆ ಚೆಂಬು. ಬಾಟಲಿಗಳು ಊರಿಗೆ ಹೋಗುವಾಗ ಹೊರಬರುತ್ತವೆ. ಡ್ರಿಪ್ ಕಿಟ್ ಅಕ್ಕನಿಗೆ ಕೊಟ್ಟುಬಿಟ್ಟೆ, ಅವಳ ಕಾಂಪೌಂಡಿನ ಇನ್ನೊಂದು ಸಾಲಿಗೆ ಆಯಿತು. ಟೊಮೆಟೊ ಸಸಿಯನ್ನು ಫೆಬ್ರವರಿಯಲ್ಲಿ ನೆಡುವುದನ್ನೂ ಬಿಟ್ಟಿದ್ದೇನೆ. ನವೆಂಬರ್‌ನಲ್ಲೇ ನೆಟ್ಟರೆ ಬಿಸಿಲು ಏರುವಷ್ಟರಲ್ಲಿ ಬೆಳೆ ಕೈಗೆ ಬಂದಿರುತ್ತದೆ.