ಹಳಿ ಪಕ್ಕದ ಮನೆಗೆ ವೈಟ್ ನಾಯ್ಸ್ ಯಂತ್ರ

ಮುಂಬೈ ಕಡೆಯ ಮಾಟುಂಗ, ಡೊಂಬಿವಲಿಯ ಹಳಿ ಪಕ್ಕದ ಮನೆಗಳಲ್ಲಿ ಕೂಸನ್ನು ಎಬ್ಬಿಸುವುದು ಸದ್ದಿನ ಏರಿಳಿತ. ವೈಟ್ ನಾಯ್ಸ್ ಎಂದರೆ ಒಂದೇ ಸಮನೆ ಬರುವ ಶ್‌ ಎಂಬ ಸದ್ದು; ಅದನ್ನು ಹೊರಡಿಸುವ ಈ ಯಂತ್ರ ಲೋಕಲ್ ಟ್ರೇನಿನ ಗಡಗಡವನ್ನು ಚೆನ್ನಾಗಿ ಮುಚ್ಚುತ್ತದೆ. ಹಾರ್ನ್ ಮಾತ್ರ ತೂರಿ ಬರುತ್ತದೆ.

ದೊಡ್ಡ ಕೊರತೆ ಟೈಮರ್. 30 ನಿಮಿಷಕ್ಕೆ ತಟ್ಟನೆ ನಿಂತುಬಿಡುತ್ತದೆ. ಕೂಸಿನ ನಿದ್ದೆಯ ಒಂದು ಸುತ್ತು ಸುಮಾರು 50 ನಿಮಿಷ. ಸುತ್ತಿನ ಕೊನೆಗೆ ನಿದ್ದೆ ತೆಳುವಾದಾಗ ಮರೆಮಾಚುವ ಸದ್ದೇ ಇರುವುದಿಲ್ಲ, ಅಳು ಶುರು. ಸದ್ದು ನಿಧಾನಕ್ಕೆ ತಗ್ಗುವ ಮಾದರಿಯೇ ಮೇಲು, ಸ್ವಲ್ಪ ದುಬಾರಿಯಾದರೂ.

ತೊಟ್ಟಿಲಿನಿಂದ ಕನಿಷ್ಠ 2 ಮೀಟರ್ ದೂರವಿಡಿ. ಕೂಸಿನ ತಲೆಯ ಬಳಿ ಸದ್ದು 50 ಡೆಸಿಬಲ್ ದಾಟಬಾರದು. ಫೋನಿನ ಆಪಿನಲ್ಲಿ ಅಂದಾಜು ಸಿಗುತ್ತದೆ. ಕಣ್ಣು ಕುಕ್ಕುವ ನೀಲಿ ದೀಪಕ್ಕೆ ಕಪ್ಪು ಟೇಪ್ ಅಂಟಿಸಿ. ಹಸಿವು, ಜ್ವರ, ಕಿವಿನೋವಿನ ಅಳುವಿಗೆ ಇದು ಮದ್ದಲ್ಲ.