ಬರ್ಲಿನ್‌ನಲ್ಲಿ ಒಂದೇ ಸಂಜೆ ಬಿಡುವಿದ್ದರೆ: ಟೆಂಪೆಲ್‌ಹೋಫೋ, ಟೀರ್‌ಗಾರ್ಟನ್ನೋ?

ಮೈಸೂರಿನಿಂದ ಮಕ್ಕಳ ಮನೆಗೆಂದು ಬರ್ಲಿನ್‌ಗೆ ಹೊರಟವರಿಗೆ ಈ ಮಾತು. ಕುಕ್ಕರಹಳ್ಳಿ ಕೆರೆಯ ಮರಗಳ ನೆರಳಲ್ಲಿ ನಡೆದು ರೂಢಿಯಾದವರಿಗೆ ಟೀರ್‌ಗಾರ್ಟನ್ ಹಿಡಿಸುತ್ತದೆ: ದಟ್ಟ ಮರ, ಕೊಳ, ಪಕ್ಕದಲ್ಲೇ ಬ್ರಾಂಡೆನ್‌ಬುರ್ಗ್ ದ್ವಾರ.

ನನ್ನ ಓಟು ಮಾತ್ರ ಟೆಂಪೆಲ್‌ಹೋಫ್‌ಗೆ. 1948–49ರಲ್ಲಿ ದಿಗ್ಬಂಧನಕ್ಕೆ ಸಿಕ್ಕ ಪಶ್ಚಿಮ ಬರ್ಲಿನ್‌ಗೆ ವಿಮಾನಗಳು ಹಿಟ್ಟು, ಕಲ್ಲಿದ್ದಲು ತಂದಿಳಿಸಿದ ನೆಲವದು. 2008ರಲ್ಲಿ ವಿಮಾನ ನಿಲ್ದಾಣ ಮುಚ್ಚಿತು. 2010ರಲ್ಲಿ ಸುಮಾರು 300 ಹೆಕ್ಟೇರ್ ಬಯಲು ಜನರದಾಯಿತು. ಅಲ್ಲಿ ಕಟ್ಟಡ ಎಬ್ಬಿಸುವ ಯೋಜನೆಯನ್ನು 2014ರ ಜನಮತದಲ್ಲಿ ಊರವರೇ ತಡೆದರು, ಎಂಥ ಒಳ್ಳೆಯ ಕೆಲಸ! ರನ್‌ವೇ ಮೇಲೆ ಈಗ ಸೈಕಲ್ ಓಡುತ್ತವೆ. ಆಷಾಢದಲ್ಲಿ ಗಾಳಿಪಟ ಹಾರಿಸಿ ಬೆಳೆದವರು ದಾರದುಂಡೆ ಮರೆಯಬೇಡಿ.

ನೆರಳು ಕಮ್ಮಿ, ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಟೀರ್‌ಗಾರ್ಟನ್ನೇ ಸರಿ. ಟೆಂಪೆಲ್‌ಹೋಫ್ ಗೇಟು ಕತ್ತಲಾಗುತ್ತಲೇ ಮುಚ್ಚುತ್ತದೆ, ಬೇಗ ಹೊರಡಿ.