ಹಳೇ ರಿಸೀವರ್ ಎಕ್ಸ್‌ಚೇಂಜ್‌ಗೆ ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ

ನಾಲ್ಕು ದಿನದಿಂದ ಸರಿಯಾಗಿ ನಿದ್ದೆ ಬಂದಿಲ್ಲ. ಬರೆಯಬೇಕೋ ಬೇಡವೋ ಅಂತ ಯೋಚಿಸಿ ಯೋಚಿಸಿ ಕೊನೆಗೆ ಕೂತಿದ್ದೇನೆ. ನನಗೆ ನಾಚಿಕೆ ಆಗುತ್ತಿದೆ, ನಿಜ. ಆದರೆ ನನ್ನ ಹಾಗೆ ಮನೆಯಲ್ಲಿ ಅಪ್ಪನ ಕಾಲದ ಸ್ಟೀರಿಯೋ ರಿಸೀವರ್ (ರೇಡಿಯೋ, ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವಂಥದ್ದು) ಇಟ್ಟುಕೊಂಡು, ಅದು ಆಗಾಗ ಕೈಕೊಡುತ್ತಿದೆ, ತೆಗೆದು ಹೊಸ ಆಂಪ್ಲಿಫೈಯರ್ ಹಾಕಿಬಿಡೋಣ ಅಂತ ಯೋಚಿಸುತ್ತಿರುವವರು ತುಂಬಾ ಜನ ಇದ್ದೀರಿ. ನೀವಾದರೂ ಉಳಿದುಕೊಳ್ಳಿ.

ನಮ್ಮ ಮನೆಯದು ಪಯೋನಿಯರ್ ಎಸ್‌ಎಕ್ಸ್ 780. ಕುವೈತ್‌ನಲ್ಲಿದ್ದ ಚಿಕ್ಕಪ್ಪ 1980ರಲ್ಲಿ ಅಪ್ಪನಿಗೆ ತಂದುಕೊಟ್ಟಿದ್ದು. ಬೆಳ್ಳಿ ಬಣ್ಣದ ಮುಖ, ಎರಡು ಪವರ್ ಮೀಟರ್, ಮರದ ಹಾಗಿನ ಮೇಲ್ಮೈ, 12 ಕೆಜಿಗೂ ಜಾಸ್ತಿ ತೂಕ. ಒಂದೊಂದು ಕಡೆಗೆ 45 ವ್ಯಾಟ್. ಅಪ್ಪ ಬೆಳಿಗ್ಗೆ ಎದ್ದ ತಕ್ಷಣ ಅದರಲ್ಲಿ ಆಕಾಶವಾಣಿ ಹಾಕುತ್ತಿದ್ದರು. ಸಂಜೆ ರೆಕಾರ್ಡು. ಆಯುಧ ಪೂಜೆ ದಿನ ಅಮ್ಮ ಸ್ಕೂಟರ್‌ಗೆ, ಮಿಕ್ಸಿಗೆ ಹಚ್ಚಿದ ಹಾಗೆ ಅದಕ್ಕೂ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಮೇಲೆ ಬಲಗಡೆ ಮೂಲೆಯಲ್ಲಿ ಆ ಕುಂಕುಮದ ಕಲೆ ಕೂತುಬಿಟ್ಟಿತ್ತು, ಎಷ್ಟು ಒರೆಸಿದರೂ ಹೋಗಿರಲಿಲ್ಲ. ಈ ಕಲೆ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಅಪ್ಪ ಹೋಗಿ ಎರಡು ವರ್ಷ ಆಯಿತು. ಸುಮಾರು ಒಂದು ವರ್ಷದಿಂದ ರಿಸೀವರ್ ತೊಂದರೆ ಕೊಡುತ್ತಿತ್ತು. ಆನ್ ಮಾಡಿದರೆ ಸ್ವಲ್ಪ ಹೊತ್ತಿಗೆ ಒಳಗೆ "ಟಕ್" ಅನ್ನುತ್ತಿತ್ತು, ಬಲಗಡೆ ಸ್ಪೀಕರ್ ಹಾಡುತ್ತಿತ್ತು, ಎಡಗಡೆ ಸದ್ದಿಲ್ಲ. ವಾಲ್ಯೂಮ್ ಜೋರು ಮಾಡಿದರೆ ಎಡಗಡೆಯೂ ಕರಕರ ಅಂತ ಬಂದು ಸರಿಹೋಗುತ್ತಿತ್ತು. ಕಮ್ಮಿ ಮಾಡಿದರೆ ಮತ್ತೆ ಮಾಯ. ಕೆಲವು ದಿನ ಎಲ್ಲ ಸರಿ, ಕೆಲವು ದಿನ ಇಲ್ಲ. ಈ ವಿಷಯ ಗೊತ್ತಿರುವವರು ಇಷ್ಟು ಓದಿದ ಕೂಡಲೇ ರೋಗ ಏನು ಅಂತ ಹೇಳಿಬಿಡುತ್ತೀರಿ. ನನಗೆ ಗೊತ್ತಿರಲಿಲ್ಲ.

ಮೈಸೂರಿನಲ್ಲೇ ತೋರಿಸಬೇಕಿತ್ತು. ತೋರಿಸಲಿಲ್ಲ. ಬೆಂಗಳೂರಿನಲ್ಲಾದರೆ ದೊಡ್ಡ ದೊಡ್ಡ ಅಂಗಡಿಗಳಿವೆ, ಪಾರ್ಟ್ಸ್ ಸಿಗುತ್ತವೆ ಅಂದುಕೊಂಡು ಹಳೇ ಬೆಡ್‌ಶೀಟ್‌ನಲ್ಲಿ ಸುತ್ತಿ ಕಾರಿನಲ್ಲಿಟ್ಟುಕೊಂಡು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡ್ ಕಡೆ ಹೋದೆ. ಒಂದು ಗಲ್ಲಿಯ ಅಂಗಡಿ. ಹೆಸರು ಬರೆಯುವುದಿಲ್ಲ. ಹಳೇ ಸೆಟ್ ರಿಪೇರಿ, ಹೊಸದು ಮಾರಾಟ, ಎಕ್ಸ್‌ಚೇಂಜ್, ಮೂರೂ ಒಂದೇ ಕಡೆ. ರಿಪೇರಿ ಮಾಡುವವನೇ ಎಕ್ಸ್‌ಚೇಂಜ್‌ಗೂ ತಗೊಳ್ಳುತ್ತಾನೆ ಅಂದರೆ ಏನರ್ಥ ಅಂತ ನನಗೆ ಆಗಲೇ ಹೊಳೆಯಬೇಕಿತ್ತು ಅಲ್ವಾ? ಹೊಳೆಯಲಿಲ್ಲ.

ಅಂಗಡಿಯವರು ತುಂಬಾ ಮರ್ಯಾದೆಯಿಂದ ಮಾತಾಡಿಸಿದರು. ಟೀ ತರಿಸಿದರು. ಸೆಟ್ ಆನ್ ಮಾಡಿದರು. ಟಕ್ ಅಂತು. ಬಲಗಡೆ ಹಾಡಿತು, ಎಡಗಡೆ ಇಲ್ಲ. ಅವರು ವಾಲ್ಯೂಮ್ ಜೋರು ಮಾಡಲೇ ಇಲ್ಲ. "ಜೋರು ಮಾಡಿದ್ರೆ ಬರುತ್ತೆ" ಅಂತ ನಾನೇ ಹೇಳಿದೆ. "ಬೇಡ ಸಾರ್, ಜೋರು ಮಾಡಿದ್ರೆ ಸ್ಪೀಕರ್ರೂ ಹೋಗುತ್ತೆ" ಅಂದರು. ಮುಚ್ಚಳ ಬಿಚ್ಚಿದರು. ಒಳಗೆ ಹೀಟ್‌ಸಿಂಕ್‌ಗೆ (ಬಿಸಿ ಹೊರಹಾಕುವ ಲೋಹದ ತುಂಡಿಗೆ) ಕೂರಿಸಿದ್ದ ಕಪ್ಪು ಐಸಿ, ಅಂದರೆ ಸ್ಪೀಕರ್‌ಗೆ ಶಕ್ತಿ ಕೊಡುವ ಚಿಪ್, ತೋರಿಸಿದರು. "ಇದು ಎಸ್‌ಟಿಕೆ 0050. ಸ್ಯಾನ್ಯೋದು. ಈಗ ತಯಾರಾಗಲ್ಲ. ಮಾರ್ಕೆಟ್‌ನಲ್ಲಿ ಸಿಗೋದೆಲ್ಲ ಡೂಪ್ಲಿಕೇಟ್. ಹಾಕಿದ್ರೆ ವಾರ ನಿಲ್ಲಲ್ಲ." ನಾನು ಅಲ್ಲೇ ಮೊಬೈಲ್‌ನಲ್ಲಿ ಹುಡುಕಿದೆ. ಅವರು ಹೇಳಿದ್ದು ನಿಜವೇ ಆಗಿತ್ತು. ಆ ಐಸಿ ಈಗ ತಯಾರಾಗುವುದಿಲ್ಲ, ನಕಲಿ ಮಾಲು ತುಂಬಾ ಇದೆ. ಅದನ್ನು ನೋಡಿಯೇ ನಾನು ಅವರನ್ನು ಪೂರ್ತಿ ನಂಬಿದ್ದು. ಇದು ಗಮನಿಸಿ. ಅವರು ಹೇಳಿದ ಮಾತು ನಿಜ. ಆದರೆ ನನ್ನ ಸೆಟ್‌ನಲ್ಲಿ ಐಸಿ ಹೋಗಿರಲೇ ಇಲ್ಲ.

ಆಮೇಲೆ ಮಲ್ಟಿಮೀಟರ್ ತೆಗೆದರು. ಎಡಗಡೆ ಐಸಿಯ ಔಟ್‌ಪುಟ್ ಕಾಲಿಗೆ ಕಡ್ಡಿ ಮುಟ್ಟಿಸಿ ನನ್ನ ಕಡೆ ತಿರುಗಿಸಿದರು. 0.02 ಅಂತ ತೋರಿಸುತ್ತಿತ್ತು.

"ನೋಡಿ ಸಾರ್. ಇಲ್ಲಿ ಏನೂ ಬರ್ತಾನೇ ಇಲ್ಲ. ಸತ್ತು ಹೋಗಿದೆ."

ನಾನು ಆ ನಂಬರ್ ನೋಡಿದೆ. ಹೌದಲ್ಲ, ಸೊನ್ನೆ ಹತ್ತಿರ ಇದೆ, ಏನೂ ಇಲ್ಲ ಅಂದುಕೊಂಡೆ. ಈ ಕ್ಷಣ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಕಣ್ಣೆದುರಿಗೇ ಐಸಿ ಆರೋಗ್ಯವಾಗಿದೆ ಅಂತ ಮೀಟರ್ ಹೇಳುತ್ತಿತ್ತು (ಹೇಗೆ ಅಂತ ಮುಂದೆ ಬರುತ್ತದೆ), ಅದನ್ನೇ ತೋರಿಸಿ ಸತ್ತಿದೆ ಅಂದರು, ನಾನು ತಲೆಯಾಡಿಸಿದೆ.

"ಎಷ್ಟಾಗುತ್ತೆ ರಿಪೇರಿಗೆ?" ಅಂತ ಕೇಳಿದೆ. "ಮಾಡಲ್ಲ ಸಾರ್ ನಾವು. ಮಾಡಿ ನಿಮ್ಮ ದುಡ್ಡು ಹಾಳು ಮಾಡಲ್ಲ." ಎಷ್ಟು ಒಳ್ಳೆಯವರು ಅನ್ನಿಸಿತು. ಆಮೇಲೆ ಹೇಳಿದರು: "ಇಷ್ಟು ಭಾರ ಮತ್ತೆ ಮೈಸೂರಿಗೆ ಹೊತ್ಕೊಂಡು ಹೋಗ್ತೀರಾ? ಗುಜರಿಯವನು ಇನ್ನೂರು ಕೊಡಲ್ಲ. ನಾನು 2,000 ಹಾಕ್ಕೊಳ್ತೀನಿ, ಹೊಸದು ತಗೊಂಡು ಹೋಗಿ."

ಹೊಸದು ಅಂದರೆ ಅಂಗೈ ಅಗಲದ ಒಂದು ಅಲ್ಯೂಮಿನಿಯಂ ಡಬ್ಬಿ. ಬ್ಲೂಟೂತ್ ಇದೆ. ಮೇಲೆ "300+300 ವ್ಯಾಟ್" ಅಂತ ಬರೆದಿದೆ. "ನಿಮ್ಮದು 45, ಇದು 300, ನೀವೇ ಲೆಕ್ಕ ಹಾಕಿ" ಅಂದರು. ಆ ಸಣ್ಣ ಕೋಣೆಯಲ್ಲಿ ಅವರದೇ ಸ್ಪೀಕರ್‌ಗೆ ಹಾಕಿ ತೋರಿಸಿದರು, ಜೋರಾಗಿಯೇ ಹಾಡಿತು. ಬೆಲೆ 14,500. ಎಕ್ಸ್‌ಚೇಂಜ್ 2,000 ಕಳೆದು 12,500 ಕೊಟ್ಟೆ. ಬಿಲ್ ಕೇಳಿದರೆ ಎಸ್ಟಿಮೇಟ್ ಚೀಟಿಯ ಮೇಲೆ ಪೆನ್ನಿನಲ್ಲಿ ಬರೆದುಕೊಟ್ಟರು. ಜಿಎಸ್‌ಟಿ ಬಿಲ್ ಬೇಕಂದರೆ 18 ಪರ್ಸೆಂಟ್ ಜಾಸ್ತಿ ಆಗುತ್ತೆ ಅಂದರು. ಸುಮ್ಮನಾದೆ.

ಮನೆಗೆ ಬಂದೆ. ಅಮ್ಮ ಬಾಗಿಲಲ್ಲೇ ಕೇಳಿದರು, "ರಿಪೇರಿ ಆಯ್ತಾ?" ಅಂತ. "ಇಲ್ಲಮ್ಮ, ಅದು ಮುಗಿದಿತ್ತು, ಕೊಟ್ಟುಬಂದೆ" ಅಂದೆ. ಅಮ್ಮ ಏನೂ ಮಾತಾಡಲಿಲ್ಲ. ಒಳಗೆ ಹೋದರು.

ನಮ್ಮ ಹಾಲ್‌ನಲ್ಲಿ ಹಳೇ ದೊಡ್ಡ ಸ್ಪೀಕರ್‌ಗಳಿವೆ, 8 ಓಮ್‌ನವು (ಓಮ್ ಅಂದರೆ ಸ್ಪೀಕರ್ ಕರೆಂಟ್‌ಗೆ ಒಡ್ಡುವ ತಡೆಯ ಅಳತೆ). ಹೊಸ ಡಬ್ಬಿ ಸಿಕ್ಕಿಸಿದೆ. ಅರ್ಧ ವಾಲ್ಯೂಮ್ ದಾಟುವಷ್ಟರಲ್ಲಿ ತಬಲಾ ಒಡೆದ ಹಾಗೆ ಕೇಳಿಸಿತು. ಟರ್ನ್‌ಟೇಬಲ್ ಸಿಕ್ಕಿಸಿದರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ, ದಪ್ಪ ದನಿಯೇ ಇಲ್ಲ. ರೇಡಿಯೋ ಅಂತೂ ಅದರಲ್ಲಿ ಇಲ್ಲವೇ ಇಲ್ಲ. 100.6ರಲ್ಲಿ ಮೈಸೂರು ಆಕಾಶವಾಣಿ ಕೇಳುತ್ತಿದ್ದ ಅಮ್ಮನಿಗೆ ಏನು ಹೇಳಲಿ?

ಅಂಗಡಿಗೆ ಫೋನ್ ಮಾಡಿದೆ. "ರೆಕಾರ್ಡ್‌ಗೆ ಫೋನೋ ಬಾಕ್ಸ್ ಬೇರೆ ತಗೋಬೇಕು ಸಾರ್, 4,500 ಇದೆ, ಕೊರಿಯರ್ ಮಾಡ್ತೀನಿ" ಅಂದರು. ರೆಕಾರ್ಡ್ ಹಾಕ್ತೀನಿ ಅಂತ ನಾನು ಅಂಗಡಿಯಲ್ಲೇ ಹೇಳಿದ್ದೆ. "ಹೇಳಿದ್ರಾ? ನೆನಪಿಲ್ಲ ಸಾರ್." ಟರ್ನ್‌ಟೇಬಲ್ ಸೂಜಿಯಿಂದ ಬರುವುದು ಬರೀ ನಾಲ್ಕೈದು ಮಿಲಿವೋಲ್ಟ್. ರೆಕಾರ್ಡ್ ಕೊರೆಯುವಾಗ ದಪ್ಪ ದನಿ ಕಮ್ಮಿ ಮಾಡಿ, ಸಣ್ಣ ದನಿ ಜಾಸ್ತಿ ಮಾಡಿರುತ್ತಾರೆ. ಅದನ್ನು ತಿರುಗಿಸಿ ಸರಿ ಮಾಡುವ ಫೋನೋ ಭಾಗ ಹಳೇ ರಿಸೀವರ್‌ಗಳ ಒಳಗೇ ಇರುತ್ತಿತ್ತು. ಇಂಥ ಹೊಸ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇದನ್ನು ಆಂಪ್ಲಿಫೈಯರ್ ಮಾರುವವನು ಹೇಳಬೇಕೋ ಬೇಡವೋ?

ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಶನಿವಾರ ಹಾಸ್ಟೆಲಿಂದ ಬಂದವನು ಡಬ್ಬಿ ನೋಡಲಿಲ್ಲ, ಅದರ ಅಡಾಪ್ಟರ್ ತಿರುಗಿಸಿ ನೋಡಿದ. 19 ವೋಲ್ಟ್, 3.42 ಆಂಪ್. ಲ್ಯಾಪ್‌ಟಾಪ್‌ಗೆ ಬರುವಂಥದ್ದು. "ಅಪ್ಪಾ, ಗುಣಿಸಿ ನೋಡಿ" ಅಂದ. 65 ವ್ಯಾಟ್. ಗೋಡೆಯಿಂದ ಒಳಗೆ ಬರುವುದೇ 65 ವ್ಯಾಟ್, ಸ್ಪೀಕರ್‌ಗೆ 600 ವ್ಯಾಟ್ ಎಲ್ಲಿಂದ ಬರುತ್ತೆ? 8 ಓಮ್ ಸ್ಪೀಕರ್‌ಗೆ ಒಡೆಯದ ಹಾಗೆ ಒಂದು ಕಡೆಗೆ 20 ವ್ಯಾಟ್ ಆಸುಪಾಸು ಬಂದರೆ ಹೆಚ್ಚು ಅಂತ ಅವನೇ ಲೆಕ್ಕ ಹಾಕಿ ತೋರಿಸಿದ. ಒಳಗಿರುವುದು ಕ್ಲಾಸ್ ಡಿ ಅನ್ನುವ ಬಗೆಯ ಆಂಪ್ಲಿಫೈಯರ್ ಚಿಪ್, ಟಿಪಿಎ 3116. ಚಿಪ್ ಒಳ್ಳೆಯದೇ ಅಂತೆ, ಅದರದ್ದೇನೂ ತಪ್ಪಿಲ್ಲ. ಡಬ್ಬಿ ಮೇಲೆ ಬರೆದಿರುವ ನಂಬರ್ ಸುಳ್ಳು. ಅದೇ ಡಬ್ಬಿ ಆನ್‌ಲೈನ್‌ನಲ್ಲಿ 3,200 ರೂಪಾಯಿ ಇತ್ತು. ನಾನು ಕೊಟ್ಟಿದ್ದು 12,500, ಜೊತೆಗೆ ಅಪ್ಪನ ಸೆಟ್.

ಈ ವ್ಯಾಟ್ ಸುಳ್ಳು ಹೊಸದಲ್ಲ. ಅಮೆರಿಕದಲ್ಲಿ ಇದೇ ಕಾಟ ತಡೆಯಲಾರದೆ 1974ರಲ್ಲಿ ಸರ್ಕಾರ ನಿಯಮ ತಂದಿತು. ಎಷ್ಟು ಓಮ್‌ಗೆ, ಎಷ್ಟು ಡಿಸ್ಟಾರ್ಷನ್‌ನಲ್ಲಿ (ದನಿ ಎಷ್ಟು ಕೆಡುತ್ತದೆ ಅನ್ನುವುದು), ಸತತವಾಗಿ ಎಷ್ಟು ವ್ಯಾಟ್ ಅಂತ ಹೇಳಲೇಬೇಕು ಅಂತ. ಆ ಕಾಲದ ರಿಸೀವರ್‌ಗಳ 45 ವ್ಯಾಟ್ ಅಂದರೆ ನಿಜವಾದ 45. ಅದಕ್ಕೇ ಅಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್, ಅಷ್ಟು ತೂಕ.

ಇಷ್ಟಾದರೂ ಹೋಗಲಿ, ಹಳೇದು ಹೇಗೂ ಸತ್ತಿತ್ತಲ್ಲ ಅಂತ ಸಮಾಧಾನ ಮಾಡಿಕೊಂಡಿದ್ದೆ. ಮೂರು ವಾರದ ಮೇಲೆ ಬೆಂಗಳೂರಿನ ಗೆಳೆಯ ಒಂದು ಮಾರಾಟದ ಜಾಹೀರಾತು ಕಳಿಸಿದ. "ನಿಮ್ಮ ಮನೇಲಿ ಇಂಥದ್ದೇ ಇತ್ತಲ್ವಾ?" ಅಂತ. ಪಯೋನಿಯರ್ ಎಸ್‌ಎಕ್ಸ್ 780, ಪೂರ್ತಿ ಸರ್ವೀಸ್ ಆಗಿದೆ, ಎರಡೂ ಚಾನೆಲ್ ಚೆನ್ನಾಗಿದೆ, 42,000. ವಿಡಿಯೋ ಇತ್ತು. ಹಾಡುತ್ತಿತ್ತು. ಎರಡೂ ಮೀಟರ್‌ನ ಮುಳ್ಳು ಕುಣಿಯುತ್ತಿತ್ತು. ಕೊನೆಯ ಫೋಟೋದಲ್ಲಿ ಮೇಲಿನಿಂದ ತೆಗೆದಿದ್ದರು. ಬಲಗಡೆ ಮೂಲೆಯಲ್ಲಿ ಕುಂಕುಮದ ಕಲೆ.

ಅಮ್ಮನ ಕುಂಕುಮ. ನನ್ನ ಕೈ ನಡುಗಿತು.

ಕೂಡಲೇ ಆ ಅಂಗಡಿಗೆ ಫೋನ್ ಮಾಡಿದೆ. ಮೊದಲು "ಅದು ಬೇರೆ ಪೀಸ್ ಸಾರ್" ಅಂದರು. ಕಲೆ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಂ, ಅದೇ ಇರಬಹುದು, ಐಸಿ ಹೊರಗಡೆಯಿಂದ ತರಿಸಿ ಹಾಕಿದ್ವಿ" ಅಂದರು. ಐಸಿ ಸಿಗೋದೇ ಇಲ್ಲ ಅಂದಿದ್ದು ಯಾರು? "ಅದೃಷ್ಟಕ್ಕೆ ಒಂದು ಸಿಕ್ತು ಸಾರ್." ಹಾಗಾದರೆ ಖರ್ಚು ಕೊಡ್ತೀನಿ, ನಿಮ್ಮ ಡಬ್ಬಿ ತಗೊಂಡು ನನ್ನ ಸೆಟ್ ಕೊಡಿ ಅಂದೆ. "ನೀವು ಒಪ್ಪಿಯೇ ಕೊಟ್ಟಿದ್ದಲ್ವಾ ಸಾರ್? ಬಲವಂತ ಮಾಡಿದ್ವಾ?" ಅಂದರು. ರಾತ್ರಿ ವಾಟ್ಸಾಪ್‌ನಲ್ಲಿ ಒಂದು ಸಾಲು ಬಂತು: "ನೀವು ಹಳೇ ಗಿರಾಕಿ ಅಂತ 38,000ಕ್ಕೆ ಕೊಡ್ತೀನಿ." ನನ್ನಿಂದ 2,000ಕ್ಕೆ ತಗೊಂಡಿದ್ದನ್ನು ನನಗೇ 38,000ಕ್ಕೆ! ಅದಕ್ಕೆ ಕೈ ಮುಗಿಯುವ ಚಿತ್ರ ಬೇರೆ ಹಾಕಿದ್ದರು. ಆಮೇಲೆ ನನ್ನ ನಂಬರ್ ಬ್ಲಾಕ್.

ಮರುದಿನ ಮೈಸೂರಿನಲ್ಲೇ ಒಬ್ಬ ಹಿರಿಯ ರೇಡಿಯೋ ಮೆಕ್ಯಾನಿಕ್ ಹತ್ತಿರ ಹೋದೆ. ನಮ್ಮ ಮನೆಯಿಂದ ಎರಡು ಕಿಲೋಮೀಟರ್ ಇಲ್ಲ ಅವರ ಅಂಗಡಿ. ಸೆಟ್ ಇಲ್ಲ, ಬರೀ ಲಕ್ಷಣ ಹೇಳಿದೆ. ಜೋರು ಮಾಡಿದರೆ ಎಡಗಡೆ ಬರುತ್ತಿತ್ತು ಅಂದ ಕೂಡಲೇ ಕೈಯೆತ್ತಿ ನಿಲ್ಲಿಸಿದರು.

"ರಿಲೇ ಸ್ವಾಮಿ ಅದು. ಟಕ್ ಅಂತಿತ್ತಲ್ಲ, ಅದೇ ರಿಲೇ. ಸ್ಪೀಕರ್ ಕಾಯೋಕೆ ಇಟ್ಟಿರೋ, ತಾನೇ ಆನ್ ಆಗೋ ಸ್ವಿಚ್. ನಲವತ್ತು ವರ್ಷಕ್ಕೆ ಅದರ ಪಾಯಿಂಟ್ ಕಪ್ಪಾಗಿರುತ್ತೆ. ಸಣ್ಣ ಸಿಗ್ನಲ್ ದಾಟಲ್ಲ, ಜೋರು ಮಾಡಿದ್ರೆ ದಾಟುತ್ತೆ. ಎಸ್‌ಟಿಕೆ ಹೋಗಿದ್ರೆ ಸಾಮಾನ್ಯವಾಗಿ ಟಕ್ ಅನ್ನೋದೇ ಇಲ್ಲ, ಎರಡೂ ಕಡೆ ಸದ್ದು ನಿಂತೋಗುತ್ತೆ."

ಮೀಟರ್‌ನಲ್ಲಿ 0.02 ತೋರಿಸಿದ್ದು ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಅಲ್ಲಿ ಡಿಸಿ, ಅಂದ್ರೆ ಒಂದೇ ಸಮ ನಿಂತಿರೋ ವೋಲ್ಟೇಜ್, ಇರಲೇಬಾರದು ಸ್ವಾಮಿ. 0.02 ಅಂದ್ರೆ 20 ಮಿಲಿವೋಲ್ಟ್. 50ರ ಒಳಗಿದ್ರೆ ಒಳ್ಳೇದು ಅಂತ ಅರ್ಥ. ಐಸಿ ಹೋಗಿದ್ರೆ ಅಲ್ಲಿ ಹತ್ತಾರು ವೋಲ್ಟ್ ತೋರಿಸ್ತಿತ್ತು." ಹೊಸ ರಿಲೇ ಹಾಕಿ ಒಳಗಿನ ಸ್ವಿಚ್, ಕಂಟ್ರೋಲ್ ಎಲ್ಲ ಕ್ಲೀನ್ ಮಾಡಿದ್ದರೆ ಕೂಲಿ ಸೇರಿ 800 ರೂಪಾಯಿ ಆಗುತ್ತಿತ್ತಂತೆ. ಎಂಟುನೂರು ರೂಪಾಯಿ.

ಹೊಸದು ತಗೊಳ್ಳಲೇಬೇಡಿ ಅಂತ ನಾನು ಹೇಳುತ್ತಿಲ್ಲ. ನಲವತ್ತು ವರ್ಷದ ಸೆಟ್‌ನಲ್ಲಿ ಕೆಪಾಸಿಟರ್ ಒಣಗಿರುತ್ತವೆ, ಒಂದು ಸರಿ ಮಾಡಿದರೆ ಇನ್ನೊಂದು ಕೈಕೊಡುತ್ತದೆ, ಬೇಸರ ಬರುತ್ತದೆ, ಗೊತ್ತು. ಹೊಸದರಲ್ಲೂ ಒಳ್ಳೆಯವು ಇವೆ. ಆದರೆ ಹಳೇದನ್ನು ಅದೇ ದಿನ, ಅದೇ ಅಂಗಡಿಗೆ ಕೊಡಬೇಡಿ. ಭಾರ ಅಂತ ಕೊಡಬೇಡಿ. ವಾಪಸ್ ಹೊತ್ತುಕೊಂಡು ಬನ್ನಿ, ಬೆನ್ನು ನೋವು ಬಂದರೂ ಪರವಾಗಿಲ್ಲ. ಮಾರಾಟದಲ್ಲಿ ಲಾಭ ಇಲ್ಲದ ಇನ್ನೊಬ್ಬರಿಗೆ ತೋರಿಸಿ. ಅಡಾಪ್ಟರ್‌ನ ವೋಲ್ಟ್ ಆಂಪ್ ಗುಣಿಸಿ, ಡಬ್ಬಿ ಮೇಲಿನ ವ್ಯಾಟ್ ಜೊತೆ ಹೋಲಿಸಿ. ಆರ್‌ಎಂಎಸ್ (ಸತತವಾಗಿ ಕೊಡುವ ನಿಜವಾದ ವ್ಯಾಟ್) ಎಷ್ಟು, ಎಷ್ಟು ಓಮ್‌ಗೆ ಅಂತ ಕೇಳಿ. ರೆಕಾರ್ಡ್ ಇದ್ದರೆ ಫೋನೋ ಇದೆಯಾ ಅಂತ ಕೇಳಿ. ನಿಮ್ಮದೇ ಸ್ಪೀಕರ್‌ಗೆ ಹಾಕಿ ನೋಡದೆ ದುಡ್ಡು ಕೊಡಬೇಡಿ. ಮತ್ತೆ ಬಿಲ್. ಬಿಲ್ ತಗೊಳ್ಳಿ! ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದಾಗ ಅವರು ಕೇಳಿದ್ದು ಅದನ್ನೇ. ನನ್ನ ಹತ್ತಿರ ಇದ್ದಿದ್ದು ಎಸ್ಟಿಮೇಟ್ ಚೀಟಿ, ಅದರಲ್ಲಿ ಅಂಗಡಿಯ ಹೆಸರೂ ಅಚ್ಚಾಗಿಲ್ಲ. ಆದರೂ ದೂರು ಬರೆಸಿದ್ದೇನೆ. ಯುಪಿಐನಲ್ಲಿ ಕೊಟ್ಟ ದಾಖಲೆ ಇದೆ, ವಾಟ್ಸಾಪ್ ಮೆಸೇಜ್ ಇದೆ, ನೋಡೋಣ.

ಅಮ್ಮನಿಗೆ ಇನ್ನೂ ಹೇಳಿಲ್ಲ.

ಆ ಜಾಹೀರಾತು ಮೊನ್ನೆ ಸಂಜೆಯಿಂದ ಕಾಣುತ್ತಿಲ್ಲ. ಮಾರಾಟ ಆಗಿರಬೇಕು. ಯಾರಾದರೂ ಇತ್ತೀಚೆಗೆ ಬೆಂಗಳೂರಿನಲ್ಲಿ ಎಸ್‌ಎಕ್ಸ್ 780 ತಗೊಂಡಿದ್ದರೆ ಒಂದು ಸಲ ಮೇಲೆ ಬಲಗಡೆ ಮೂಲೆ ನೋಡಿ. ಕಾಸಿನಗಲ ಕೆಂಪು ಕಲೆ ಇದ್ದರೆ ದಯವಿಟ್ಟು ನನಗೆ ತಿಳಿಸಿ. ನಿಮ್ಮ ತಪ್ಪೇನೂ ಇಲ್ಲ, ನೀವು ಕೊಟ್ಟ ದುಡ್ಡು ಪೂರ್ತಿ ಕೊಡುತ್ತೇನೆ, ನಾನೇ ಬಂದು ತಗೊಂಡು ಹೋಗುತ್ತೇನೆ.